ಎಂಟಡಿ ಮೇಲಕ್ಕೊಂದು ಚೆಂಡು

ಶಾಲೆಯ ಪಂಪಿನ ಮೋಟಾರನ್ನು ಆ ದಿನ ನನ್ನ ಅಂಗಡಿಗೆ ಹೊತ್ತು ತಂದವರು ಇಬ್ಬರು ಹುಡುಗಿಯರು. ಅವರ ಹಿಂದೆ ದೈಹಿಕ ಶಿಕ್ಷಕಿ ಬಂದರು. ಪುಂಜಾಲಕಟ್ಟೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ; ಪಂಪು, ಗ್ರೈಂಡರು, ಫ್ಯಾನು, ಸುಟ್ಟದ್ದು ಏನು ಬಂದರೂ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಈ ಟೀಚರ್ ಪ್ರತಿ ಸಲ ಮೋಟಾರನ್ನು ತಾವೇ ಒಂದು ಕೈಯಲ್ಲಿ ಎತ್ತಿ ನನ್ನ ಮೇಜಿನ ಮೇಲೆ ಇಡುವವರು. ಅಂದು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಕೈಗೆ ಎಂತಾಯ್ತು ಟೀಚರ್?"

"ಭುಜ ಹಿಡ್ಕೊಂಡಿದೆ ಅಕ್ಕ. ಇಷ್ಟೇ ಮೇಲೆ ಹೋಗುದು ನೋಡಿ." ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. "ಡಾಕ್ಟ್ರು ಆರು ತಿಂಗಳು ಚೆಂಡು ಎಸೀಲಿಕ್ಕೇ ಇಲ್ಲ ಅಂತ ಹೇಳಿದ್ದಾರೆ. ನಮ್ಮದು ಜಿಲ್ಲಾ ಮಟ್ಟದ ಮ್ಯಾಚ್ ಏಳು ವಾರದಲ್ಲಿ ಉಂಟು."

ಅವರ ಹುಡುಗಿಯರ ವಾಲಿಬಾಲ್ ತಂಡ ತಾಲೂಕು ಮಟ್ಟದಲ್ಲಿ ಗೆದ್ದ ಸುದ್ದಿ ನನಗೂ ಗೊತ್ತಿತ್ತು. ಜಿಲ್ಲಾ ಮಟ್ಟದ್ದು ಮೂಡುಬಿದಿರೆಯಲ್ಲಿ. ಸ್ಮ್ಯಾಶ್ ಹೊಡೆಯುವ ಹುಡುಗಿಯರಿಗೆ ಅಭ್ಯಾಸ ಆಗಬೇಕಾದರೆ ನೆಟ್ಟಿನ ಪಕ್ಕದಲ್ಲಿ ಒಬ್ಬರು ನಿಂತು ಚೆಂಡನ್ನು ಒಂದೇ ಎತ್ತರಕ್ಕೆ, ಒಂದೇ ಜಾಗಕ್ಕೆ ಎಸೆಯುತ್ತಲೇ ಇರಬೇಕು. ದಿನಕ್ಕೆ ಇನ್ನೂರು ಸಲ. ಅಷ್ಟು ವರ್ಷ ಅದನ್ನು ಮಾಡಿದವರು ಈ ಟೀಚರೇ. ಭುಜ ಹೋದದ್ದೂ ಅದರಿಂದಲೇ ಇರಬೇಕು.

ನನ್ನ ಕೈಯಲ್ಲಿ ಆಗ ಯಾವುದೋ ಮಿಕ್ಸಿಯ ಮೋಟಾರು ತಿರುಗುತ್ತಿತ್ತು. "ಚೆಂಡು ಎಸೀಲಿಕ್ಕೆ ಮನುಷ್ಯರೇ ಯಾಕೆ ಟೀಚರ್, ಒಂದು ಮೋಟಾರು ಸಾಲದಾ?" ಎಂದೆ. ತಮಾಷೆಗೆ ಹೇಳಿದ್ದು. ಟೀಚರ್ ನಗಲಿಲ್ಲ.

"ಮಾಡ್ಲಿಕ್ಕೆ ಆಗ್ತದಾ ಅಕ್ಕ?"

ಹಾಗೆ ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಶಾಲೆಗೆ ಹೋಗಿ ಅಳತೆ ಮಾಡಿದೆ. ಹುಡುಗಿಯರ ನೆಟ್ಟಿನ ಎತ್ತರ ಏಳಡಿ ನಾಲ್ಕು ಇಂಚು. ಚೆಂಡು ಅದರ ಮೇಲೆ ಇನ್ನೂ ನಾಲ್ಕಡಿ ಹೋಗಬೇಕು, ಆಗಲೇ ಹೊಡೆಯುವವಳಿಗೆ ಓಡಿ ಬಂದು ಹಾರಲು ಸಮಯ ಸಿಗುವುದು ಎಂದರು ಟೀಚರ್. ಯಂತ್ರದ ಬಾಯಿ ನೆಲದಿಂದ ಮೂರೂವರೆ ಅಡಿಯಲ್ಲಿದ್ದರೆ ಚೆಂಡು ಅಲ್ಲಿಂದ ಸುಮಾರು ಎಂಟಡಿ ಏರಬೇಕು. ಎಂಟಡಿ ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ.

ಕಬ್ಬಿಣದ ಕೆಲಸ ನನ್ನದಲ್ಲ. ನನ್ನ ಅಂಗಡಿಯ ಹಿಂದೆ ಗೇಟು, ಗ್ರಿಲ್ಲು ಮಾಡುವ ಒಬ್ಬರು ವೆಲ್ಡರ್ ಇದ್ದಾರೆ, ಅರುವತ್ತು ದಾಟಿದ ಬ್ಯಾರಿ ಮುಸಲ್ಮಾನರು. ಅವರನ್ನು ಎಲ್ಲರೂ ಕಾಕ ಎಂದೇ ಕರೆಯುವುದು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದೆ: ಎರಡು ಸ್ಕೂಟರ್ ಚಕ್ರ ಅಕ್ಕಪಕ್ಕ, ಒಂದು ಆಚೆಗೆ, ಒಂದು ಈಚೆಗೆ ತಿರುಗಬೇಕು, ಕೆಳಗಿನಿಂದ ಚೆಂಡನ್ನು ನಡುವೆ ತುರುಕಿದರೆ ಚಕ್ರಗಳು ಅದನ್ನು ಹಿಂಡಿ ಮೇಲಕ್ಕೆ ಉಗುಳಬೇಕು.

ಕಾಕ ಬಹಳ ಹೊತ್ತು ನೋಡಿ, "ಕಬ್ಬಿನ ಹಾಲಿನ ಮಿಷನ್ನು," ಎಂದರು. "ಅಡ್ಡ ಮಲಗಿದ್ದನ್ನು ನೀವು ಎಬ್ಬಿಸಿ ನಿಲ್ಲಿಸಿದ್ದು, ಅಷ್ಟೆ. ಮಾಡುವ."

ಬಂಟ್ವಾಳದ ಗುಜರಿ ಅಂಗಡಿಯಿಂದ ಎರಡು ಚಕ್ರ ತಂದೆವು. ಚೆಂಡಿನ ಅಡ್ಡಳತೆ ಎಂಟೂಕಾಲು ಇಂಚು, ಚಕ್ರಗಳ ನಡುವೆ ಏಳು ಇಂಚು ಬಿಟ್ಟೆವು. ಚೆಂಡನ್ನು ಕೈಯಿಂದ ತುರುಕುವುದು ಅಪಾಯ ಎಂದು ಕಾಕ ಹೊಲಿಗೆ ಯಂತ್ರದ ಹಾಗೆ ಒಂದು ಪೆಡಲು ಕೂರಿಸಿದರು. ಕಾಲಿನಲ್ಲಿ ಒತ್ತಿದರೆ ಚೆಂಡು ಇಟ್ಟ ಬಟ್ಟಲು ಮೇಲೆ ಬಂದು ಚಕ್ರಗಳಿಗೆ ಚೆಂಡನ್ನು ಒಪ್ಪಿಸುತ್ತದೆ. ಸುತ್ತಲೂ ಜಾಲರಿ. ಚಕ್ರಕ್ಕೊಂದರಂತೆ ನನ್ನ ಹಳೆಯ ಅರ್ಧ ಎಚ್‌ಪಿ ಮೋಟಾರುಗಳು; ಒಂದರ ಸ್ಟಾರ್ಟಿಂಗ್ ಸುರುಳಿಯ ತುದಿಗಳನ್ನು ಅದಲುಬದಲು ಮಾಡಿ ಉಲ್ಟಾ ತಿರುಗುವ ಹಾಗೆ ಮಾಡಿದೆ. ಮೋಟಾರಿಗೆ ಎರಡು ಇಂಚಿನ ಪುಲ್ಲಿ, ಚಕ್ರಕ್ಕೆ ಹನ್ನೆರಡು ಇಂಚಿನದ್ದು, ನಡುವೆ ಬೆಲ್ಟು.

ಮೊದಲ ಪರೀಕ್ಷೆ ಕಾಕನ ಶೆಡ್ಡಿನಲ್ಲೇ ನಡೆಯಿತು. ತಂಡದ ಲಿಫ್ಟರ್ ಹುಡುಗಿ ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಎರಡು ಚೆಂಡು ತಂದುಕೊಟ್ಟು ನೋಡಲು ನಿಂತಳು. ಲಿಫ್ಟರ್ ಎಂದರೆ ಬಂದ ಪಾಸನ್ನು ಬೆರಳ ತುದಿಯಿಂದ ನೆಟ್ಟಿನ ಮೇಲೆ ಎತ್ತಿ ಕೊಡುವವಳು. ಹೊಡೆಯುವವರಿಗೆ ಹೆಸರು ಬರುವುದು ಇವಳ ಬೆರಳಿನಿಂದ. ಗಿಡ್ಡ ಹುಡುಗಿ, ಒಂಬತ್ತನೆಯ ಕ್ಲಾಸು, ಮಾತು ಕಡಿಮೆ.

ಪೆಡಲು ಒತ್ತಿದೆ. ಚೆಂಡು ಪುಳಕ್ಕೆಂದು ಎದ್ದು ಐದಡಿ ಹೋಗಿ ಬಿತ್ತು. ನಾವು ಮೂವರೂ ಚಪ್ಪಾಳೆ ತಟ್ಟಿದೆವು.

"ಇನ್ನು ಸ್ವಲ್ಪ ಬೇಕು," ಎಂದೆ. ಮೋಟಾರಿಗೆ ಹಾಕಲು ಕೈಗೆ ಸಿಕ್ಕಿದ್ದು ನಾಲ್ಕು ಇಂಚಿನ ಪುಲ್ಲಿಗಳು. ವೇಗ ಎರಡರಷ್ಟಾದರೆ ಎತ್ತರವೂ ಎರಡರಷ್ಟಾದೀತು, ಹತ್ತಡಿ, ಮತ್ತೆ ಕಡಿಮೆ ಮಾಡಿದರಾಯಿತು ಎಂಬುದು ನನ್ನ ಲೆಕ್ಕ. ಪುಲ್ಲಿ ಬದಲಿಸಿ ಪೆಡಲು ಒತ್ತಿದೆ.

ಢಂ! ಚೆಂಡು ಹೋಗಿ ಮಾಡಿನ ತಗಡಿಗೆ ಬಡಿಯಿತು. ಧೂಳು, ಜೇಡರ ಬಲೆ, ಹಳೆಯ ಗುಬ್ಬಿಗೂಡಿನ ಹುಲ್ಲು ಎಲ್ಲ ನಮ್ಮ ತಲೆ ಮೇಲೆ ಸುರಿದವು. ಕಾಕನ ಕೈಯ ಚಾ ಅಂಗಿಯ ಮೇಲಾಯಿತು. ರಸ್ತೆಯಾಚೆಯ ಹೋಟೆಲಿನವರು ಓಡಿ ಬಂದರು.

"ಇದು ವಾಲಿಬಾಲಾ, ಗರ್ನಾಲಾ?" ಎಂದು ಕೇಳಿದರು ಕಾಕ, ಹಬ್ಬಕ್ಕೆ ಸಿಡಿಸುವ ಮದ್ದನ್ನು ನೆನೆದು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಗಿಡ್ಡ ಹುಡುಗಿ. ನಗು ನಿಂತ ಮೇಲೆ ಕಾಕನ ಸೀಮೆಸುಣ್ಣ ತೆಗೆದು, ಅರ್ಧ ಆದ ಗೇಟಿನ ತಗಡಿನ ಮೇಲೆ ಬರೆದಳು.

"ಅಕ್ಕ, ಎತ್ತರ ಸ್ಪೀಡಿನ ಹಾಗೆ ಏರುದಲ್ಲ, ಸ್ಪೀಡಿನ ವರ್ಗದ ಹಾಗೆ ಏರುದು. ಸ್ಪೀಡು ಎರಡು ಪಟ್ಟು ಆದ್ರೆ ಎತ್ತರ ನಾಲ್ಕು ಪಟ್ಟು. ಐದು ನಾಲ್ಕಲಿ ಇಪ್ಪತ್ತು. ಕಾಕನ ಮಾಡು ಹದಿನೈದರಲ್ಲೇ ಉಂಟು."

"ಅದು ನಿನಗೆ ಹೇಗೆ ಗೊತ್ತು?"

"ಪಾಠದಲ್ಲಿ ಉಂಟು. ಮೇಲಕ್ಕೆಸೆದ ಚೆಂಡು ಅಂತ."

ಆ ಸೂತ್ರವನ್ನು ನಾನೂ ಒಂದು ಕಾಲದಲ್ಲಿ ಬಾಯಿಪಾಠ ಮಾಡಿ ಪಾಸಾದವಳೇ. ಅದು ತಗಡಿಗೆ ಬಡಿಯುವ ವಿಷಯ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ಎಂಟಡಿಗೆ ಎಷ್ಟು ಇಂಚಿನ ಪುಲ್ಲಿ?"

ಅವಳು ಎಂಟನ್ನು ಐದರಿಂದ ಭಾಗಿಸಿ, ನನ್ನ ಮೊಬೈಲಿನಲ್ಲಿ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದಳು. "ಎರಡೂವರೆ ಹಾಕಿ ಅಕ್ಕ. ಸಾಕು."

ಬೆಳ್ತಂಗಡಿಗೆ ಹೋಗಿ ಎರಡೂವರೆ ಇಂಚಿನ ಪುಲ್ಲಿ ತಂದೆ. ಒಂದು ಬಿದಿರಿಗೆ ಅಡಿಗೊಂದು ಕೆಂಪು ಪಟ್ಟಿ ಬಳಿದು ಶಾಲೆಯ ಅಂಗಳದಲ್ಲಿ ನೆಟ್ಟು, ಪಕ್ಕದಲ್ಲಿ ಯಂತ್ರ ಇಟ್ಟು, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಹಿಡಿದೆವು. ಚೆಂಡು ಏರಿದ್ದು ಏಳೂಮುಕ್ಕಾಲು ಅಡಿ. ಹೊಸ ಚೆಂಡು, ಹಳೆಯ ಚೆಂಡು, ಚರ್ಮ ಎದ್ದ ಚೆಂಡು, ಎಲ್ಲವೂ ಒಂದೆರಡು ಇಂಚಿನ ವ್ಯತ್ಯಾಸದಲ್ಲಿ ಅಲ್ಲಿಗೇ ಹೋದವು. ಗಾಳಿ ಇಳಿದ ಚೆಂಡು ಮಾತ್ರ ಚಕ್ರದ ನಡುವೆ ಜಾರಿ ಒಂದಡಿ ಕಡಿಮೆ ಏರುತ್ತಿತ್ತು. ದಿನಾ ಬೆಳಿಗ್ಗೆ ಎಲ್ಲ ಚೆಂಡಿಗೂ ಗಾಳಿ ನೋಡುವ ಕೆಲಸವನ್ನು ಟೀಚರ್ ಹುಡುಗಿಯೊಬ್ಬಳಿಗೆ ವಹಿಸಿದರು.

ಆದರೆ ಇನ್ನೊಂದು ತೊಂದರೆ ಇತ್ತು. ಚೆಂಡು ಏರುವಾಗ ನೆಟ್ಟಗೆ ಹೋಗದೆ ಪ್ರತಿ ಸಲ ಎಡಕ್ಕೆ ವಾಲಿ ಎರಡಡಿ ದೂರ ಬೀಳುತ್ತಿತ್ತು. ಕಾಕ ಚೌಕಟ್ಟಿನ ನಾಲ್ಕು ಕಾಲಿಗೂ ಮಟ್ಟಗೋಲು ಇಟ್ಟು ನೋಡಿದರು, ಸರಿಯಾಗಿಯೇ ಇತ್ತು. "ನನ್ನ ಕೆಲಸದಲ್ಲಿ ತಪ್ಪಿಲ್ಲ," ಎಂದು ನನ್ನ ಕಡೆ ನೋಡಿದರು. ಚೆಂಡಿನ ಮೇಲೆ ಇದ್ದಿಲಿನ ಗೆರೆ ಎಳೆದು ಎಸೆದು ನೋಡಿದೆ. ಗೆರೆ ಗಿರಗಿರ ತಿರುಗುತ್ತಿತ್ತು. ಅಂದರೆ ಒಂದು ಚಕ್ರ ಇನ್ನೊಂದಕ್ಕಿಂತ ಬೇಗ. ಸುತ್ತು ಎಣಿಸುವ ಮೀಟರು ಹಿಡಿದರೆ ಒಂದು ಮೋಟಾರಿಗೆ ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು, ಇನ್ನೊಂದಕ್ಕೆ ಐವತ್ತು ಕಡಿಮೆ. ಕಡಿಮೆ ಓಡುತ್ತಿದ್ದದ್ದು ನಾನೇ ವೈಂಡಿಂಗ್ ಮಾಡಿದ್ದು. ಮೂರು ದಿನ ಅದನ್ನು ಬಿಚ್ಚಿ ಕಟ್ಟಿದೆ. ಖಾಲಿ ಓಡಿದರೆ ಎರಡೂ ಸಮ. ಚೆಂಡು ಒಳಗೆ ಹೋದ ಕ್ಷಣ ಮತ್ತೆ ಬೇರೆ.

ದಾರಿ ತೋರಿಸಿದವರು ಕಾಕ. "ಎರಡು ಎತ್ತು ಒಂದೇ ಹೆಜ್ಜೆ ಹಾಕುದಿಲ್ಲ ಅಕ್ಕ. ಒಂದೇ ಎತ್ತು ಕಟ್ಟಿ. ಮೊದಲು ಅಕ್ಕಿ ಮಿಲ್ಲಿನಲ್ಲಿ ಬೆಲ್ಟಿನ ಪಟ್ಟಿಯನ್ನು ಇಂಗ್ಲಿಷಿನ ಎಂಟರ ಹಾಗೆ ಅಡ್ಡ ಹಾಕ್ತಿದ್ರು, ನೆನಪುಂಟಾ? ಆಚೆ ಚಕ್ರ ಉಲ್ಟಾ ತಿರುಗ್ತಿತ್ತು."

ನಾನು ವೈಂಡಿಂಗ್ ಮಾಡಿದ ಮೋಟಾರನ್ನು ಬಿಚ್ಚಿ ತೆಗೆದೆ. ಒಂದೇ ಮೋಟಾರು ಒಂದು ಚಕ್ರವನ್ನು ತಿರುಗಿಸಿತು, ಅಡ್ಡ ಹಾಕಿದ ಚಪ್ಪಟೆ ಪಟ್ಟಿ ಇನ್ನೊಂದನ್ನು ಅದೇ ವೇಗದಲ್ಲಿ ಉಲ್ಟಾ ತಿರುಗಿಸಿತು. ಈಗ ಚೆಂಡು ಏರುವಾಗ ಇದ್ದಿಲಿನ ಗೆರೆ ಸ್ವಲ್ಪವೂ ಅಲುಗದೆ ನಮ್ಮನ್ನೇ ನೋಡುತ್ತ ಏರಿತು, ನೋಡುತ್ತಲೇ ಇಳಿದು ಯಂತ್ರದ ಬಾಯಿಗೇ ಬಿತ್ತು. ಕಾಕ ಅದಕ್ಕೊಂದು ಸಲಾಂ ಹೊಡೆದರು.

ಮುಂದಿನ ಎರಡು ವಾರ ಶಾಲೆಯ ಮೈದಾನಕ್ಕೆ ಹೋಗುವುದೇ ಒಂದು ಸಂಭ್ರಮ. ಯಂತ್ರವನ್ನು ನೆಟ್ಟಿನ ಪಕ್ಕ ಒಂದಿಷ್ಟೇ ವಾಲಿಸಿ ಇಟ್ಟಿದ್ದೆವು. ಟೀಚರ್ ಕುರ್ಚಿಯಲ್ಲಿ ಕೂತು ಕಾಲಿನಲ್ಲಿ ಪೆಡಲು ಒತ್ತುವುದು, ಚೆಂಡು ಏರುವುದು, ಹುಡುಗಿ ಓಡಿ ಬಂದು ಹಾರಿ ಹೊಡೆಯುವುದು. ಕೆಲವು ದಿನ ಕಳೆದ ಮೇಲೆ ಟೀಚರ್ ನನ್ನ ಹತ್ತಿರ ಮೆಲ್ಲಗೆ ಹೇಳಿದರು:

"ಇಷ್ಟು ವರ್ಷ ನಾನು ಚೆಂಡು ಎಸೆದು ಮೇಲೆಯೇ ನೋಡಿದ್ದು ಅಕ್ಕ. ಈ ಮಕ್ಕಳ ಕಾಲು ನೋಡಿದ್ದು ಈಗಲೇ. ಎಲ್ಲರೂ ಬೇಗ ಹಾರ್ತಾರೆ. ಚೆಂಡು ಮೇಲೆ ಇರುವಾಗಲೇ ಇವರು ಕೆಳಗೆ ಬರ್ಲಿಕ್ಕೆ ಶುರು ಮಾಡಿ ಆಗಿರ್ತದೆ."

ಬಿದಿರಿನ ಪಕ್ಕ ತೆಗೆದ ವಿಡಿಯೋವನ್ನು ಲಿಫ್ಟರ್ ಹುಡುಗಿ ಎಲ್ಲರಿಗೂ ತೋರಿಸಿದಳು. ಚೆಂಡು ಗಾಳಿಯಲ್ಲಿರುವುದು ಒಂದೂಕಾಲು, ಒಂದೂವರೆ ಸೆಕೆಂಡು. ಅದರಲ್ಲಿ ಅರ್ಧ ಸಮಯ ಮೇಲಿನ ಎರಡೇ ಅಡಿಯಲ್ಲಿ ಕಳೆಯುತ್ತದೆ. ಕೆಳಗಿನ ಆರಡಿಯನ್ನು ಹೋಗುವಾಗಲೂ ಬರುವಾಗಲೂ ಓಡಿಬಿಡುತ್ತದೆ.

"ಚೆಂಡು ಮೇಲೆ ನಿಲ್ಲುದಿಲ್ಲ," ಎಂದಳು. "ನಿಂತ ಹಾಗೆ ಕಾಣ್ತದೆ, ನಿಧಾನ ಆಗುದು ಅಷ್ಟೆ. ಹೆದರಿ ಬೇಗ ಹಾರುದು ಬೇಡ. ಅಲ್ಲಿ ನಮಗೆ ಸಮಯ ಉಂಟು."

ಒಂದೇ ವಾರದಲ್ಲಿ ಹೊಡೆತದ ಸದ್ದೇ ಬದಲಾಯಿತು. ಅಂಗಡಿಯಲ್ಲಿ ಸುರುಳಿ ಸುತ್ತುತ್ತಿದ್ದರೂ ನನ್ನ ಕಿವಿಯಲ್ಲಿ ಅದೇ ಸದ್ದು. ಆ ಸಂತೋಷದಲ್ಲಿ ನಾನು ಕಂಡೂ ಕಾಣದೆ ಹೋದದ್ದು ಒಂದಿತ್ತು. ಎಲ್ಲರೂ ಹೊಡೆಯುವಾಗ ಲಿಫ್ಟರ್ ಹುಡುಗಿ ಆಚೆ ಬದಿಯಲ್ಲಿ ಉರುಳಿದ ಚೆಂಡು ಹೆಕ್ಕುತ್ತಿದ್ದಳು. ಅವಳ ಕೆಲಸವನ್ನು ಯಂತ್ರ ಮಾಡುತ್ತಿತ್ತಲ್ಲ.

ಶಿರ್ತಾಡಿ ಕಡೆಯ ಒಂದು ಶಾಲೆಯ ತಂಡ ಸ್ನೇಹದ ಪಂದ್ಯಕ್ಕೆ ಬಂತು. ಅಂದು ಯಂತ್ರ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಅಂಗಡಿ ಮುಚ್ಚಿ ನಾನೂ ಕಾಕನೂ ನೋಡಲು ಹೋದೆವು. ಮೊದಲ ಪಾಸು ಅಡ್ಡಾದಿಡ್ಡಿ ಬಂತು. ಲಿಫ್ಟರ್ ಓಡಿ ಎತ್ತಿದಳು. ಚೆಂಡು ಒಂದಡಿ ತಗ್ಗಿತ್ತು, ಹೊಡೆಯುವವಳು ಎಂಟಡಿಯ ಲೆಕ್ಕದಲ್ಲಿ ಕಾದು ಹಾರಿದಳು, ಚೆಂಡು ನೆಟ್ಟಿಗೆ ಬಿತ್ತು. ಮುಂದಿನದ್ದು ಹೊರಗೆ. ಅದರ ಮುಂದಿನದ್ದು ಮತ್ತೆ ನೆಟ್ಟಿಗೆ. ಎರಡು ಸೆಟ್ಟೂ ಸೋತೆವು. ನಡುವೆ ಒಬ್ಬಳು ಸಿಟ್ಟಿನಲ್ಲಿ ಕೂಗಿದ್ದು ಮೈದಾನದ ತುದಿಯವರೆಗೂ ಕೇಳಿಸಿತು: "ಮಿಷನ್ನಿನ ಹಾಗೆ ಕೊಡು ಮಾರಾಯ್ತಿ!"

ಎಲ್ಲ ಮುಗಿದ ಮೇಲೆ ಲಿಫ್ಟರ್ ಯಂತ್ರದ ವಯರನ್ನು ಮೊಣಕೈಗೆ ಸುತ್ತುತ್ತ ನಿಂತಿದ್ದಳು. ಹತ್ತಿರ ಹೋದೆ.

"ಬೇಜಾರಾಯ್ತಾ ಮಗಾ?"

ವಯರಿನ ಕೊನೆಯ ಸುತ್ತು ಹಾಕಿದಳು. ಆಮೇಲೆ, "ಮಿಷನ್ನಿಗೆ ಯಾರೂ ಪಾಸ್ ಕೊಡುದಿಲ್ಲ ಅಕ್ಕ. ಅದಕ್ಕೆ ಚೆಂಡು ಬಟ್ಟಲಲ್ಲಿ ಇಟ್ಟು ಕೊಡ್ತಾರೆ. ನನಗೆ ಕಾಲಿನ ಬುಡಕ್ಕೆ ಬರ್ತದೆ, ತಲೆಯ ಹಿಂದೆ ಹೋಗ್ತದೆ. ಅದನ್ನು ಹಿಡಿದು ಒಂದೇ ಹಾಗೆ ಮಾಡಿ ಕೊಡ್ಬೇಕು. ಅದು ಅಭ್ಯಾಸ ಇಲ್ಲದೆ ಬರುದಿಲ್ಲ," ಎಂದಳು.

ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಮೋಟಾರಿನ ದೋಷ ಹೇಳುವ ಹಾಗೆ ಇದ್ದದ್ದನ್ನು ಹೇಳಿದಳು. ನನ್ನ ಯಂತ್ರದ ಲೆಕ್ಕ ಮಾಡಿಕೊಟ್ಟವಳನ್ನೇ ನನ್ನ ಯಂತ್ರ ಹೊರಗೆ ಕೂರಿಸಿತ್ತು. ಮನೆಗೆ ಹೋದ ಮೇಲೂ ಅದು ನನ್ನನ್ನು ಬಿಡಲಿಲ್ಲ.

ಮರುದಿನ ಪ್ರಾರ್ಥನೆಗೆ ಮೊದಲೇ ಶಾಲೆಗೆ ಹೋದೆ.

"ಟೀಚರ್, ಮಿಷನನ್ನು ನೆಟ್ಟಿನ ಹತ್ತಿರದಿಂದ ತೆಗೆದು ಹಿಂದೆ ಇಡುವ. ಸ್ಮ್ಯಾಶಿಗೆ ಅದು ಕೊಡುದು ಬೇಡ. ಅದು ಲಿಫ್ಟರಿಗೆ ಪಾಸ್ ಕೊಡ್ಲಿ, ಹಾಳು ಪಾಸ್. ಅವಳು ಎತ್ತಲಿ, ಇವರು ಹೊಡೀಲಿ."

ಟೀಚರ ಮುಖ ಸಣ್ಣದಾಯಿತು. "ಮೂರು ವಾರ ಉಳಿದದ್ದು ಅಕ್ಕ. ಈಗಷ್ಟೇ ಹೊಡೆತ ಸರಿಯಾಗಿದೆ. ಅದನ್ನೂ ಹಾಳು ಮಾಡಿದ್ರೆ?"

"ಮಿಷನ್ ನನ್ನದು, ಟೀಮು ನಿಮ್ಮದು. ನೀವು ಹೇಳಿದ ಹಾಗೆ."

ಅವರು ಖಾಲಿ ಮೈದಾನವನ್ನು ನೋಡುತ್ತ ನಿಂತರು. ಬೆಲ್ಲು ಹೊಡೆಯಿತು, ಮಕ್ಕಳು ಸಾಲು ನಿಂತರು. ಒಳಗೆ ಹೋಗುವಾಗ ತಿರುಗಿ, "ಹಿಂದೆ ಇಡಿ," ಎಂದರು.

ಚೆಂಡನ್ನು ಓರೆಯಾಗಿ ಎಸೆಯುವ ಲೆಕ್ಕವನ್ನೂ ಆ ಹುಡುಗಿಯೇ ಮಾಡಿದಳು. ನೆಟ್ಟಗೆ ಎಸೆದರೆ ಎಷ್ಟು ಎತ್ತರ ಹೋಗುತ್ತದೋ, ಅದೇ ವೇಗದಲ್ಲಿ ನಲವತ್ತೈದು ಡಿಗ್ರಿಗೆ ವಾಲಿಸಿ ಎಸೆದರೆ ಅದರ ಎರಡರಷ್ಟು ದೂರ ಹೋಗುತ್ತದಂತೆ. ಮೂರು ಇಂಚಿನ ಪುಲ್ಲಿ ಹಾಕಿದೆವು. ನೆಟ್ಟಗೆ ಹನ್ನೊಂದಡಿ, ವಾಲಿಸಿದರೆ ಇಪ್ಪತ್ತೆರಡು. ಯಂತ್ರವನ್ನು ನೆಟ್ಟಿನಿಂದ ಇಪ್ಪತ್ತಡಿ ಹಿಂದೆ ಇಟ್ಟಾಗ ಚೆಂಡು ಸರಿಯಾಗಿ ಅವಳ ಬೆರಳಿಗೆ ಬಂತು. ಇನ್ನು ಅದು ಸರಿಯಾಗಿ ಬಾರದ ಹಾಗೆ ಮಾಡಬೇಕಿತ್ತು.

"ಕಾಕ, ಬುಡದಲ್ಲಿ ಒಂದು ತಿರುಗಣೆ ಹಾಕಿ. ಹಿಡಿ ಹಿಡಿದು ಅಲ್ಲಾಡಿಸಿದ್ರೆ ಬಾಯಿ ಆಚೀಚೆ ಆಗ್ಬೇಕು, ಮೇಲೆ ಕೆಳಗೆ ಆಗ್ಬೇಕು. ಲೂಸ್ ಇರ್ಬೇಕು."

ಕಾಕ ಕನ್ನಡಕ ತೆಗೆದರು. "ನಲವತ್ತು ವರ್ಷ ಲೂಸ್ ತೆಗೆಯುವ ಕೆಲಸ ಮಾಡಿದವ ನಾನು. ಈಗ ಲೂಸ್ ಮಾಡಿ ಕೊಡ್ಬೇಕಾ? ನೋಡಿದವರು ಎಂತ ಹೇಳ್ಯಾರು?" ಎಂದು ಗೊಣಗುತ್ತಲೇ ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಹಿಡಿಗೆ ಬೆರಳು ತಾಗಿಸಿದರೆ ಸಾಕು, ಚೆಂಡು ಎಲ್ಲಿಗೆ ಹೋಗುತ್ತದೆಂದು ಯಂತ್ರ ಮಾಡಿದವರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲ ನಾಲ್ಕು ದಿನ ಬರೇ ಗಲಾಟೆ. ಒಂದು ಚೆಂಡು ಲಿಫ್ಟರ್ ಹುಡುಗಿಯ ಮೂಗಿಗೆ, ಒಂದು ಟೀಚರ ಕುರ್ಚಿಗೆ, ಒಂದು ಬಿಸಿಯೂಟದ ಕೋಣೆಯ ಕಿಟಕಿಗೆ. ಒಂದು ಚೆಂಡನ್ನು ಎತ್ತಲು ಹೋಗಿ ಅವಳು ಕೆಸರಿನಲ್ಲಿ ಉದ್ದಕ್ಕೆ ಜಾರಿ, ಬಿದ್ದಲ್ಲಿಂದಲೇ ಬೆರಳು ಕೊಟ್ಟಳು. ಚೆಂಡು ನೆಟ್ಟಿನ ಮೇಲೆ ಸರಿಯಾಗಿ ಎದ್ದಿತು. ಹೊಡೆಯಬೇಕಾದವಳು ನಗುತ್ತ ನಿಂತುಬಿಟ್ಟಿದ್ದಳು. "ಹೊಡಿ ಮಾರಾಯ್ತಿ! ನಾನು ಬಿದ್ದದ್ದು ಯಾಕೆ?" ಎಂದು ಇವಳು ಕೆಸರಿನಿಂದಲೇ ಕೂಗಿದಳು. ಮಾತು ಕಡಿಮೆಯ ಹುಡುಗಿ ಆಗ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಲು ಕಲಿತದ್ದು. ಎರಡನೆಯ ವಾರ ಚೆಂಡು ಹೇಗೆ ಬಂದರೂ ನೆಟ್ಟಿನ ಮೇಲೆ ಅದೇ ನಾಲ್ಕಡಿ. ಬಿದಿರು ಹಿಡಿದು ನೋಡಿದೆ. ಐದಾರು ಇಂಚು ಆಚೀಚೆ, ಅಷ್ಟೆ.

ಮೂಡುಬಿದಿರೆಗೆ ತಂಡ ಬಸ್ಸಿನಲ್ಲಿ ಹೋಯಿತು. ನಾನು ಕಾಕನ ಪಿಕಪ್ಪಿನಲ್ಲಿ ಹೋದೆ. "ಅಭ್ಯಾಸಕ್ಕೆ ಬೇಕಾದೀತು" ಎಂದು ಅವರು ಯಂತ್ರವನ್ನು ಹಗ್ಗ ಕಟ್ಟಿ ಹಿಂದೆ ಏರಿಸಿದ್ದರು. ಅಲ್ಲಿ ಅದನ್ನು ಇಳಿಸಲು ಯಾರಿಗೂ ನೆನಪಾಗಲಿಲ್ಲ.

ಮೊದಲ ಪಂದ್ಯ ಗೆದ್ದೆವು. ಸೆಮಿಫೈನಲಿನಲ್ಲಿ ಒಂದೊಂದು ಸೆಟ್ಟು ಸಮವಾಗಿ, ಮೂರನೆಯದು ಹದಿಮೂರು-ಹದಿಮೂರಕ್ಕೆ ಬಂತು. ಎದುರಿನವರ ಸರ್ವಿಸು ಬೆಂಕಿಯ ಹಾಗೆ ಬಂದು ನಮ್ಮವಳ ಕೈಗೆ ತಾಗಿ ಅಂಪಾಯರ ಕುರ್ಚಿಯ ಹಿಂದಕ್ಕೆ ಹಾರಿತು. ಟೀಚರ್ ಕಣ್ಣು ಮುಚ್ಚಿಕೊಂಡರು. ಲಿಫ್ಟರ್ ಆಗಲೇ ಓಡುತ್ತಿದ್ದಳು. ಗೆರೆಯಿಂದ ಎಷ್ಟೋ ಹೊರಗೆ, ನೆಟ್ಟಿಗೆ ಬೆನ್ನು ಹಾಕಿ, ಮಂಡಿ ನೆಲಕ್ಕೆ ತಾಗುವಷ್ಟು ಬಗ್ಗಿ, ಚೆಂಡನ್ನು ತಲೆಯ ಹಿಂದಕ್ಕೆ ಎತ್ತಿದಳು. ಅದು ಏರಿತು. ಅಂದು ಸಿಟ್ಟಿನಲ್ಲಿ ಕೂಗಿದ್ದ ಹುಡುಗಿಯೇ ಈ ಕಡೆ ನಿಂತಿದ್ದಳು. ಅವಳು ಹಾರಲಿಲ್ಲ. ಕಾದಳು. ಇನ್ನೂ ಕಾದಳು. ಆಮೇಲೆ ಹಾರಿದಳು.

ಆ ಚೆಂಡು ಎದುರಿನ ಅಂಕಣದಲ್ಲಿ ಬಿದ್ದು ಎದ್ದ ಸದ್ದಿಗೆ ಟೀಚರ್ ಕಣ್ಣು ತೆರೆದರು. "ಎಂತಾಯ್ತು? ಎಂತಾಯ್ತು?" ಕಾಕ ನನ್ನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ನಾಚಿ ಎರಡು ಹೆಜ್ಜೆ ದೂರ ನಿಂತರು. ಮುಂದಿನ ಅಂಕವೂ ನಮ್ಮದೇ ಆಯಿತು.

ಫೈನಲಿನಲ್ಲಿ ಸೋತೆವು. ಎದುರಿನವರು ನಮಗಿಂತ ಒಂದು ಗೇಣು ಎತ್ತರ, ಆಟವೂ ಒಳ್ಳೆಯದಿತ್ತು. ಎರಡನೆಯ ಬಹುಮಾನದ ಕಪ್ಪು ಹಿಡಿದು ಹುಡುಗಿಯರು ಕುಣಿದದ್ದು ನೋಡಿದರೆ ಗೆದ್ದವರಿಗೂ ಅನುಮಾನ ಬಂದಿರಬೇಕು. ಟೀಚರ್ ಎಡಗೈಯಲ್ಲೇ ಎಲ್ಲರನ್ನೂ ಅಪ್ಪಿಕೊಂಡರು.

ಜನ ಚದುರಿ, ಅಂಕಣ ಖಾಲಿಯಾಗಿ, ನಾವು ಚೀಲ ಕಟ್ಟುತ್ತಿದ್ದೆವು. ಲಿಫ್ಟರ್ ಒಂದು ಚೆಂಡು ಹಿಡಿದು ಬಂದಳು.

"ಅಕ್ಕ, ನೀವು ಒಂದು ಹೊಡೀರಿ."

"ನಾನಾ? ಈ ಪ್ರಾಯದಲ್ಲಾ? ಹುಟ್ಟಿದ ಮೇಲೆ ಚೆಂಡು ಹೊಡೆದವಳಲ್ಲ ನಾನು."

"ನಾನು ಕೊಡ್ತೇನಲ್ಲ," ಎಂದಳು.

ಹುಡುಗಿಯರು ನನ್ನ ಕೈ ಹಿಡಿದು ಎಳೆದೇಬಿಟ್ಟರು. ಚಪ್ಪಲಿ ಬಿಟ್ಟೆ, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದೆ. ಮೊದಲನೆಯದಕ್ಕೆ ಬೇಗ ಹಾರಿ, ಬರಿಯ ಗಾಳಿಗೆ ಹೊಡೆದು ನೆಟ್ಟಿಗೆ ಸಿಕ್ಕಿಕೊಂಡೆ. ಕಾಕ ನೆಟ್ಟಿನ ಆಚೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು.

"ಹೆದರ್ಬೇಡಿ ಅಕ್ಕ. ನಿಧಾನ."

ಎರಡನೆಯದನ್ನು ಎತ್ತಿದಳು. ಓಡಿದೆ, ನಿಂತೆ, ಮೇಲೆ ನೋಡಿದೆ. ಅಲ್ಲಿ ನಿಜವಾಗಿಯೂ ಸಮಯವಿತ್ತು. ಅವಳ ಬೆರಳು ನನಗಾಗಿ ಇಟ್ಟ ಸಮಯ. ನನ್ನಿಂದ ಎಷ್ಟು ಆಗುತ್ತದೋ ಅಷ್ಟು ಹಾರಿದೆ, ಬಹುಶಃ ನಾಲ್ಕು ಇಂಚು. ಅಂಗೈಗೆ ಚೆಂಡು ಛಟ್ಟನೆ ತಾಗಿತು, ನೆಟ್ಟಿನ ಅಂಚನ್ನು ಸವರಿಕೊಂಡು ಆಚೆ ಹೋಗಿ, ಇನ್ನೂ ನಗುತ್ತಿದ್ದ ಕಾಕನ ಎದೆಗೆ ಬಡಿಯಿತು.

"ಪಾಯಿಂಟ್!" ಎಂದು ಟೀಚರ್ ಕೂಗಿದರು.